ಎಂಟು ಔಟ್ ದೂರ

ಗುಂಪು: ಇಲೆಕ್ಟ್ರಾನಿಕ್ಸ್ 1999, ಹಳೆಯ ಬೆಂಚು
ಫೆಬ್ರವರಿ 2026, ಭಾನುವಾರ

ಬೆಣ್ಣೆ: [ಚಿತ್ರ: ಕಡುನೀಲಿ ಹಿನ್ನೆಲೆ, ದಿಕ್ಸೂಚಿಯ ಲಾಂಛನ, ಕೆಳಗೆ ಕೆಂಪು ಅಕ್ಷರದಲ್ಲಿ ‘ಸಿಯಾಟಲ್ ಮ್ಯಾರಿನರ್ಸ್ 2026: ಈ ಸಲ ಕಪ್ ನಮ್ಮದೇ’]

ಬೆಣ್ಣೆ: ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿರುವ ನನ್ನ ಷಡ್ಡಕ ಕಳುಹಿಸಿದ್ದು. ಭಟ್ಟನಿಗೆ ಅರ್ಪಣೆ.

ಭಟ್ಟ: ತೆಗೆ ಅದನ್ನು. ಈಗಲೇ ತೆಗೆ.

ಬೆಣ್ಣೆ: ಏಕಯ್ಯಾ? ನಿನ್ನದೇ ತಂಡವಲ್ಲವೇ?

ಭಟ್ಟ: ನನ್ನದೇ. ಅದಕ್ಕೇ ಹೇಳುತ್ತಿದ್ದೇನೆ. ಮೇಜರ್ ಲೀಗ್ ಬೇಸ್‌ಬಾಲಿನ ಮೂವತ್ತು ತಂಡಗಳಲ್ಲಿ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಫೈನಲ್, ಗೆಲ್ಲುವುದು ಹಾಗಿರಲಿ, ಅದರ ಅಂಗಳಕ್ಕೂ ಕಾಲಿಡದ ತಂಡ ಇದೊಂದೇ. 1977ರಿಂದ ಹೀಗೆ. ಇರುವ ಗ್ರಹಚಾರ ಸಾಲದೆಂದು ಬೆಂಗಳೂರಿನದನ್ನೂ ತಂದು ಹಣೆಗೆ ಅಂಟಿಸಬೇಡ.

ಕ್ಯಾಪ್ಟನ್: ಬೆಂಗಳೂರಿನ ಗ್ರಹಚಾರ ಹೋದ ವರ್ಷ ಜೂನ್ 3ಕ್ಕೆ ಕಳೆಯಿತು. ಅಹಮದಾಬಾದ್, ಆರು ರನ್. ಹದಿನೆಂಟು ವರ್ಷ ಕಾದೆವು, ನೀನೂ ಕಾಯಿ.

ಭಟ್ಟ: ನಾನು ಸಿಯಾಟಲ್‌ಗೆ ಬಂದದ್ದು 2004ರಲ್ಲಿ. ಆ ಒಂದೇ ವರ್ಷ ನಮ್ಮ ಬ್ಯಾಟರ್ ಇಚಿರೊ 262 ಹಿಟ್ ಹೊಡೆದ. ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ತಂಡ ಅದೇ ವರ್ಷ 99 ಪಂದ್ಯ ಸೋತು ವಿಭಾಗದ ತಳದಲ್ಲಿ ಮಲಗಿತು. ನನಗೆ ಆಗಲೇ ಬುದ್ಧಿ ಬರಬೇಕಿತ್ತು. ಕಾಯುವುದನ್ನು ನೀನು ನನಗೆ ಕಲಿಸುತ್ತೀಯಾ?

ಟೊರಾಂಟೊ ಶೆಟ್ಟಿ: ಗುಂಪಿನಲ್ಲಿ ಯಾರೋ ಅಳುತ್ತಿರುವ ಸದ್ದು ಕೇಳಿ ಬಂದೆ.

ಭಟ್ಟ: ಬಂದ ನೋಡಿ, ಸುಟ್ಟ ಗಾಯಕ್ಕೆ ಉಪ್ಪು ಸವರುವವನು.

ಲೆಕ್ಕದಕ್ಕ: ಭಟ್ಟ, ನಿನ್ನ ದುಃಖದಲ್ಲಿ ತರ್ಕ ಎಲ್ಲಿದೆ ಹೇಳು. ಹೋದ ವರ್ಷ ನಿಮ್ಮವರು 90 ಪಂದ್ಯ ಗೆದ್ದು, 2001ರ ನಂತರ ಮೊದಲ ಬಾರಿಗೆ ವಿಭಾಗದಲ್ಲಿ ಮೊದಲಿಗರಾದರು. ಚೆಂಡು ಎಸೆಯುವ ಕರ್ಬಿ, ಗಿಲ್ಬರ್ಟ್, ಮಿಲ್ಲರ್ ಮೂವರೂ ಗಾಯಗೊಂಡು ವಾರಗಟ್ಟಲೆ ಕುಳಿತಿದ್ದ ವರ್ಷ ಅದು. ಈ ವರ್ಷ ಅವರೆಲ್ಲ ಎದ್ದು ನಿಂತರೆ ತಂಡ ಇನ್ನಷ್ಟು ಗಟ್ಟಿಯಾಗಬೇಕಲ್ಲವೇ? ಅನುಮಾನಕ್ಕೆ ಆಧಾರ ಬೇಕು.

ಭಟ್ಟ: ಆಧಾರ ಕೊಡುತ್ತೇನೆ. ಕ್ಯಾಲ್ ರಾಲಿ 60 ಹೋಮ್ ರನ್ ಹೊಡೆದ. ಕ್ಯಾಪ್ಟನ್, ನಿನಗಾಗಿ ಬಿಡಿಸಿ ಹೇಳುತ್ತೇನೆ: ಹೋಮ್ ರನ್ ನಿಮ್ಮ ಸಿಕ್ಸರ್ ಇದ್ದ ಹಾಗೆ, ಅವನು ಕ್ಯಾಚರ್, ಅಂದರೆ ನಮ್ಮ ಕೀಪರ್ ಇದ್ದ ಹಾಗೆ. ಇಡೀ ಸಂಜೆ ಕುಕ್ಕರಗಾಲಲ್ಲಿ ಕುಳಿತು ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡು ಹಿಡಿಯುವವನು. ಬೇಸ್‌ಬಾಲಿನ ಇತಿಹಾಸದಲ್ಲಿ ಒಂದು ವರ್ಷಕ್ಕೆ 60 ಮುಟ್ಟಿದವರು ಅವನೂ ಸೇರಿ ಏಳೇ ಜನ. ಕ್ಯಾಚರ್‌ಗಳ ಪೈಕಿ ಅದಕ್ಕೆ ಮೊದಲಿನ ದಾಖಲೆ 48. ನಮ್ಮ ಊರಿನ ದೇವರಾದ ಗ್ರಿಫಿಯ 56ನ್ನೂ ದಾಟಿದ. 162ರಲ್ಲಿ 159 ಪಂದ್ಯ ಆಡಿದ. ಇಂಥದ್ದು ಒಂದು ಜನ್ಮಕ್ಕೆ ಒಮ್ಮೆ ಆಗುವುದು. ಆಯಿತು. ಆದರೂ ಸೋತೆವು. ಹಾಗಾದರೆ ಈ ವರ್ಷ ಯಾವುದನ್ನು ನಂಬಿ ಕೂರಲಿ?

ಬೆಣ್ಣೆ: ಅವನಿಗೆ ಅಲ್ಲಿ ಏನೋ ಅಡ್ಡಹೆಸರು ಇದೆಯಂತೆ?

ಭಟ್ಟ: ಇದೆ. ಕ್ಯಾಪ್ಟನ್‌ನ ತಾಯಿಯವರು ಅವನ ಮೊಬೈಲ್‌ನಲ್ಲಿ ಈ ಗುಂಪನ್ನು ಓದುತ್ತಾರೆ, ಅನುವಾದಿಸಲಾರೆ. ಶರೀರದ ಹಿಂಭಾಗಕ್ಕೆ ಸಂಬಂಧಿಸಿದ್ದು.

ಕ್ಯಾಪ್ಟನ್: ಅಮ್ಮ ನಗುತ್ತಿದ್ದಾರೆ.

ಲೆಕ್ಕದಕ್ಕ: ರಾಲಿ 60ರಿಂದ 40ಕ್ಕೆ ಇಳಿಯುತ್ತಾನೆ ಎಂದೇ ಇಟ್ಟುಕೊಳ್ಳೋಣ. ಅದು ಸಹಜ. ಎತ್ತರಕ್ಕೆ ಏರಿದ್ದು ಸರಾಸರಿಯತ್ತ ಜಾರುತ್ತದೆ. ಅವನೊಬ್ಬನೇ ತಂಡವಲ್ಲವಲ್ಲ. ನೇಲರ್‌ನನ್ನು ಐದು ವರ್ಷಕ್ಕೆ ಉಳಿಸಿಕೊಂಡಿದ್ದಾರೆ. ಓಡುವುದನ್ನು ನೋಡಿದರೆ ಮದುವೆ ಊಟ ಮುಗಿಸಿ ಬಸ್ಸಿಗೆ ಹೊರಟವನಂತೆ ಕಾಣುವ ಮನುಷ್ಯ ಎದುರಾಳಿಯ ಕಣ್ಣು ತಪ್ಪಿಸಿ ಓಡಿ 30 ಬೇಸ್ ಕದ್ದ!

ಭಟ್ಟ: ನೇಲರ್ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ಪೊಲಾಂಕೊ ನ್ಯೂಯಾರ್ಕ್ ಮೆಟ್ಸ್ ಪಾಲಾದ. ಡೆಟ್ರಾಯಿಟ್ ವಿರುದ್ಧ ಹದಿನೈದನೆಯ ಇನ್ನಿಂಗ್ಸ್‌ನಲ್ಲಿ ಗೆಲುವಿನ ಹಿಟ್ ಹೊಡೆದವನು ಅವನೇ. ಐದು ಗಂಟೆ ನಡೆದ ಪಂದ್ಯ. ನನ್ನ ಮಗಳು ಸೋಫಾದ ಮೇಲೆ ಎರಡು ಬಾರಿ ನಿದ್ದೆ ಮಾಡಿ ಎರಡು ಬಾರಿ ಎದ್ದಿದ್ದಳು. ಅದರ ಮೇಲೆ, ರಾಲಿ ಮಾರ್ಚ್‌ನಲ್ಲಿ ವಿಶ್ವ ಬೇಸ್‌ಬಾಲ್ ಕ್ಲಾಸಿಕ್‌ಗೆ ಅಮೆರಿಕದ ಪರ ಆಡುತ್ತಾನಂತೆ. ಅಷ್ಟು ಆಡಿದ ಮೊಣಕಾಲುಗಳಿಗೆ ವಿಶ್ರಾಂತಿ ಯಾವಾಗ?

ಕ್ಯಾಪ್ಟನ್: ನೀನು ಹೇಳುತ್ತಿರುವುದು ನಮ್ಮ 2016ರ ಕಥೆ. ಕೊಹ್ಲಿ ಒಂದೇ ಐಪಿಎಲ್‌ನಲ್ಲಿ 973 ರನ್, ನಾಲ್ಕು ಶತಕ. ಫೈನಲ್ ನಮ್ಮ ಚಿನ್ನಸ್ವಾಮಿಯಲ್ಲೇ. 209ರ ಗುರಿ, ವಿಕೆಟ್ ಹೋಗದೆ 114. ನಾನು ಸ್ಟ್ಯಾಂಡಿನಲ್ಲಿದ್ದೆ, ಪಕ್ಕದವರಿಗೆ ಆಗಲೇ ಕೈಕುಲುಕಿದ್ದೆ. ಎಂಟು ರನ್‌ಗಳಿಂದ ಸೋತೆವು.

ಭಟ್ಟ: ಎಂಟೇ?

ಕ್ಯಾಪ್ಟನ್: ಎಂಟು. ಏಕೆ?

ಭಟ್ಟ: ಹೋದ ಅಕ್ಟೋಬರ್ 20. ನರಕ ಚತುರ್ದಶಿ. ಬೆಳಗ್ಗೆ ಎಣ್ಣೆಸ್ನಾನ ಆಗಿತ್ತು. ಸಂಜೆ ಹೊಸ್ತಿಲಿಗೆ ದೀಪ ಇಟ್ಟು ಟಿವಿ ಮುಂದೆ ಕುಳಿತೆವು. ಟೊರಾಂಟೊದಲ್ಲಿ ಏಳನೆಯ ಪಂದ್ಯ, ಗೆದ್ದವರು ವರ್ಲ್ಡ್ ಸೀರೀಸ್‌ಗೆ. ಜೂಲಿಯೊ ಒಂದು ಹೋಮ್ ರನ್, ರಾಲಿ ಒಂದು, ನಾವು 3-1ರಿಂದ ಮುಂದೆ. ಒಂಬತ್ತರಲ್ಲಿ ಏಳನೆಯ ಇನ್ನಿಂಗ್ಸ್, ಮೂರು ಔಟ್‌ಗೆ ಒಂದು ಇನ್ನಿಂಗ್ಸ್; ಅವರಲ್ಲಿ ಒಬ್ಬ ಔಟ್, ಇಬ್ಬರು ಬೇಸ್ ಮೇಲೆ. ಗೆಲ್ಲಲು ಇನ್ನು ಎಂಟೇ ಔಟ್ ಬೇಕಿತ್ತು. ನಮ್ಮ ಕೊನೆಯ ಅಸ್ತ್ರ ಮುನ್ಯೋಸ್‌ನನ್ನು ಕರೆಯಲಿಲ್ಲ, ಬಜಾರ್ಡೊ ಬಂದ. ಅವರ ಸ್ಪ್ರಿಂಗರ್ ಎಡಗಡೆಯ ಸ್ಟ್ಯಾಂಡಿಗೆ ಎತ್ತಿದ. ಮೂರು ರನ್. 4-3. ಮುಗಿಯಿತು. ಒಳಗಿನಿಂದ ಹೆಂಡತಿ ಬಂದು, ಮನೆ ಇಷ್ಟು ಮೌನವಾಗಿದೆ, ದೀಪ ಆರಿತೇ ಎಂದು ಕೇಳಿದಳು. ದೀಪ ಉರಿಯುತ್ತಲೇ ಇತ್ತು.

ಟೊರಾಂಟೊ ಶೆಟ್ಟಿ: ಆ ಚೆಂಡು ಇನ್ನೂ ಕೆಳಗೆ ಬಂದಿಲ್ಲ ಎಂದು ಇಲ್ಲಿ ಹೇಳುತ್ತಾರೆ.

ಭಟ್ಟ: ಶೆಟ್ಟಿ, ನಿನ್ನ ಹತ್ತಿರ 1992, 1993ರ ಎರಡು ಕಪ್ ಇವೆ. ಹೊಟ್ಟೆ ತುಂಬಿದವನು ಮಾತನಾಡಬೇಡ.

ಟೊರಾಂಟೊ ಶೆಟ್ಟಿ: ಅದಾದ ಮೇಲೆ ಏನಾಯಿತು ಎಂಬುದನ್ನೂ ಹೇಳು. ನಿಮ್ಮನ್ನು ಸೋಲಿಸಿ ವರ್ಲ್ಡ್ ಸೀರೀಸ್‌ನಲ್ಲಿ ಡಾಜರ್ಸ್ ಎದುರು ಏಳನೆಯ ಪಂದ್ಯಕ್ಕೆ ಹೋದೆವು. ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ನಾವು ಮುಂದಿದ್ದೆವು, ಎರಡೇ ಔಟ್ ಬಾಕಿ. ವರ್ಷವಿಡೀ ಹೋಮ್ ರನ್ನಿಗೆ ಹೆಸರಾಗದ ಅವರ ರೋಹಾಸ್ ಒಂದು ಹೋಮ್ ರನ್ ಹೊಡೆದ. ಹನ್ನೊಂದನೆಯದರಲ್ಲಿ ಸೋತೆವು. ನಿನ್ನದು ಎಂಟು, ನನ್ನದು ಎರಡು. ಈಗ ಅಳುವ ಸರದಿ ಯಾರದು?

ಲೆಕ್ಕದಕ್ಕ: ಇಬ್ಬರೂ ಸೇರಿ ಶೋಕಗೀತೆ ಹಾಡಿ. ನಾನು ಆರು ವರ್ಷ ಷಿಕಾಗೋದಲ್ಲಿದ್ದವಳು. ಅಲ್ಲಿನ ಕಬ್ಸ್ ತಂಡದವರು ಕಪ್‌ಗಾಗಿ 108 ವರ್ಷ ಕಾದರು. ನಿಮ್ಮದೆಲ್ಲ ಶಿಶುವಿಹಾರ.

ಬೆಣ್ಣೆ: ಕ್ಯಾಪ್ಟನ್, 2016ರ ಮರುವರ್ಷ ನಮ್ಮವರು ಏನು ಮಾಡಿದರು? ಭಟ್ಟನಿಗೆ ಧೈರ್ಯ ಬರಲಿ, ಹೇಳು.

ಕ್ಯಾಪ್ಟನ್: ಬೇಡ ಬಿಡು.

ಭಟ್ಟ: ಹೇಳು.

ಕ್ಯಾಪ್ಟನ್: ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್. ಕೊನೆಯ ಸ್ಥಾನ.

ಭಟ್ಟ: ಅಕ್ಕಾ, ಆಧಾರ ಬೇಕು ಎಂದೆಯಲ್ಲ, ತೆಗೆದುಕೋ. ಇನ್ನೂ ಬೇಕಾದರೆ ನಮ್ಮದೇ ಮನೆಯದು ಇದೆ. 2001ರಲ್ಲಿ ಮ್ಯಾರಿನರ್ಸ್ 116 ಪಂದ್ಯ ಗೆದ್ದರು, 1906ರ ಕಬ್ಸ್ ದಾಖಲೆಗೆ ಸಮ. ಯಾಂಕೀಸ್ ಐದೇ ಪಂದ್ಯಗಳಲ್ಲಿ ಮನೆಗೆ ಕಳುಹಿಸಿದರು. ಮರುವರ್ಷ 93 ಗೆದ್ದರು, ಅದರ ಮರುವರ್ಷವೂ 93. ಒಳ್ಳೆಯ ಲೆಕ್ಕವೇ, ನಿನ್ನ ಕೋಷ್ಟಕಕ್ಕೆ ಚೆನ್ನಾಗಿ ಒಪ್ಪುತ್ತದೆ. ಎರಡು ಸಲವೂ ಪ್ಲೇ-ಆಫ್ ಸಿಗಲಿಲ್ಲ. ಆಮೇಲೆ ಬಾಗಿಲು ತೆರೆದದ್ದು 2022ರಲ್ಲಿ. ಇಪ್ಪತ್ತು ಋತುಗಳು ಹೋದವು. ಬಾಗಿಲ ತನಕ ಹೋದ ತಂಡ ಮುಂದಿನ ಸಲ ಒಳಗೇ ಹೋಗುತ್ತದೆ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ನಮ್ಮ ಊರಿನಲ್ಲಿ ಬಾಗಿಲೇ ಬೇರೆ ಕಡೆಗೆ ಸರಿಯುತ್ತದೆ.

ಲೆಕ್ಕದಕ್ಕ: ಹತ್ತು ವರ್ಷ ಸರಾಸರಿ ಶೇಕಡ 54 ಪಂದ್ಯ ಗೆದ್ದರೆ ವರ್ಲ್ಡ್ ಸೀರೀಸ್ ತಾನಾಗಿ ಬರುತ್ತದೆ ಎಂದು 2023ರಲ್ಲಿ ನಿಮ್ಮ ತಂಡದ ಆಡಳಿತ ನೋಡುವ ಡಿಪೋಟೊ ಹೇಳಿದಾಗ ಊರೆಲ್ಲ ಬೈದಿರಿ. ಲೆಕ್ಕ ತಪ್ಪಲ್ಲ, ಹೇಳಿದ ಹೊತ್ತು ತಪ್ಪು. ಹೋದ ವರ್ಷ ಶೇಕಡ 55.6 ಗೆದ್ದಿರಿ, ಎಂಟು ಔಟ್ ಹತ್ತಿರಕ್ಕೆ ಬಂದಿರಿ. ಪ್ರತಿ ವರ್ಷ ಹೀಗೆ ಬಾಗಿಲು ತಟ್ಟುತ್ತಿದ್ದರೆ ಒಂದು ವರ್ಷ ತೆರೆಯುತ್ತದೆ.

ಭಟ್ಟ: ಆತ ಅದಕ್ಕೆ ಕ್ಷಮೆ ಕೇಳಿದ. ನೀನೂ ಕೇಳು.

ಬೆಣ್ಣೆ: ಹಾಗಾದರೆ ಚಿತ್ರ ಇರಲೋ ತೆಗೆಯಲೋ? ಮತ ಹಾಕಿ. ನನ್ನದು ಇರಲಿ.

ಟೊರಾಂಟೊ ಶೆಟ್ಟಿ: ಇರಲಿ. ಅಕ್ಟೋಬರ್‌ನಲ್ಲಿ ಉಪಯೋಗಕ್ಕೆ ಬರುತ್ತದೆ.

ಕ್ಯಾಪ್ಟನ್: ತೆಗೆ ಬೆಣ್ಣೆ.

ಬೆಣ್ಣೆ: ನೀನೂ ಭಟ್ಟನ ಪಕ್ಷವೇ?

ಕ್ಯಾಪ್ಟನ್: ಶಕುನಕ್ಕಾಗಿ ಅಲ್ಲ. ಜೂನ್ 4ರಂದು ಮಗನನ್ನು ಕರೆದುಕೊಂಡು ಕಬ್ಬನ್ ಪಾರ್ಕ್ ಮೆಟ್ರೊ ತನಕ ಹೋಗಿದ್ದೆ. ಜನ ನೋಡಿ ಹೆದರಿ ಹಿಂದಿರುಗಿದೆ. ಕ್ರೀಡಾಂಗಣದ ಹೊರಗೆ ಹನ್ನೊಂದು ಜನ ಸತ್ತರು. ಹದಿನೆಂಟು ವರ್ಷ ಕೂಗಿದ ಮಾತು ಅದು. ಅಂದಿನಿಂದ ಬಾಯಿಗೆ ಬರುವುದಿಲ್ಲ.

(ಇಪ್ಪತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ.)

ಬೆಣ್ಣೆ: ಈ ಸಂದೇಶವನ್ನು ಅಳಿಸಲಾಗಿದೆ.

ಬೆಣ್ಣೆ: ತೆಗೆದೆ. ಷಡ್ಡಕನಿಗೂ ಹೇಳುತ್ತೇನೆ.

ಭಟ್ಟ: ಧನ್ಯವಾದ. ಈ ವರ್ಷ ನಾನು ದೂರವೇ ಇರುತ್ತೇನೆ. ಬೇಸಿಗೆಯಲ್ಲಿ ತೋಟಕ್ಕೆ ಟೊಮೆಟೊ ಹಾಕುತ್ತೇನೆ. ಅಂಕಪಟ್ಟಿಯನ್ನು ಸೆಪ್ಟೆಂಬರ್‌ನಲ್ಲಿ ಒಮ್ಮೆ ನೋಡಿದರೆ ಸಾಕು.

ಟೊರಾಂಟೊ ಶೆಟ್ಟಿ: ನಮ್ಮ ತಂಡ ನಿಮ್ಮ ಊರಿಗೆ ಬಂದಾಗ ವ್ಯಾಂಕೂವರ್‌ನಿಂದ ಇಳಿದು ಬರುವ ನಮ್ಮವರೇ ಅರ್ಧ ಕ್ರೀಡಾಂಗಣ ತುಂಬುತ್ತಾರೆ. ನಿನ್ನ ಕುರ್ಚಿ ಖಾಲಿ ಉಳಿಯುವುದಿಲ್ಲ, ಚಿಂತಿಸಬೇಡ.

ಭಟ್ಟ: [ಚಿತ್ರ]

ಭಟ್ಟ: ಈ ಸಂದೇಶವನ್ನು ಅಳಿಸಲಾಗಿದೆ.

ಭಟ್ಟ: ಹೆಂಡತಿಗೆ ಕಳುಹಿಸಬೇಕಿದ್ದದ್ದು. ಏನೂ ಇಲ್ಲ.

ಲೆಕ್ಕದಕ್ಕ: ನಾನು ನೋಡಿಬಿಟ್ಟೆ. ಮಾರ್ಚ್ ಕೊನೆಯ ಮೊದಲ ಪಂದ್ಯ. ನಾಲ್ಕು ಟಿಕೆಟ್.

ಕ್ಯಾಪ್ಟನ್: ನಾಲ್ಕು ಏಕೆ? ನಿಮ್ಮ ಮನೆಯಲ್ಲಿ ಮೂವರಲ್ಲವೇ?

ಭಟ್ಟ: ಬೆಣ್ಣೆಯ ಷಡ್ಡಕ ಬೆಲ್‌ವ್ಯೂನಲ್ಲೇ ಇದ್ದಾನೆ ಎಂದು ನನಗೆ ಮೊದಲೇ ಗೊತ್ತಿತ್ತು.