ಬೇಕ್ಡ್ ಪಾಸ್ತಾ: ಓವನ್‌ನಿಂದ ತೆಗೆದಾಗ ಸಾಸ್ ಒಣಗಿ ತರಿತರಿ ಆಗುವುದೇಕೆ?

ಪ್ರಶ್ನೆ

ಚೀಸ್, ಸ್ಮೋಕ್ಡ್ ಹ್ಯಾಮ್ ಹಾಕಿದ ಬೇಕ್ಡ್ ಪಾಸ್ತಾದ ಬಗ್ಗೆ. ಪೆನ್ನೆ (ಕೊಳವೆಯಾಕಾರದ ಪಾಸ್ತಾ) 300 ಗ್ರಾಂ, ಹಾಲು 500 ಮಿ.ಲೀ., ಬೆಣ್ಣೆ ಮತ್ತು ಮೈದಾ ತಲಾ 40 ಗ್ರಾಂ, ಹಳೆಯ (ಬಹುಕಾಲ ಮಾಗಿಸಿದ) ಚೆಡ್ಡಾರ್ ಚೀಸ್ 250 ಗ್ರಾಂ, ಹ್ಯಾಮ್ 150 ಗ್ರಾಂ. ಪಾಸ್ತಾವನ್ನು ಪ್ಯಾಕೆಟ್‌ನಲ್ಲಿ ಹೇಳಿದಂತೆ 11 ನಿಮಿಷ ಬೇಯಿಸಿ, ಕುದಿಯುತ್ತಿರುವ ಸಾಸ್‌ಗೆ ಚೀಸ್ ಸುರಿದು, 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 35 ನಿಮಿಷ ಬೇಕ್ ಮಾಡಿದ್ದು. ಹೊರಗೆ ತೆಗೆದಾಗ ಪಾಸ್ತಾ ಮುದ್ದೆ, ಮೇಲೆಲ್ಲ ಜಿಡ್ಡು, ಸಾಸ್ ನಾಲಿಗೆಗೆ ರವೆಯಂತೆ ಸಿಗುತ್ತದೆ. ಉಪ್ಪೂ ಜಾಸ್ತಿ. ಎಲ್ಲಿ ತಪ್ಪುತ್ತಿದೆ?

ಉತ್ತರ 1

ಹಾಲು ಸಾಲದು. ಪಾಸ್ತಾ ಓವನ್ ಒಳಗೂ ನೀರು ಹೀರುತ್ತಲೇ ಇರುತ್ತದೆ. ಬೆಣ್ಣೆ, ಮೈದಾ ಅಷ್ಟೇ ಇರಲಿ, ಹಾಲನ್ನು 800 ಮಿ.ಲೀ.ಗೆ ಏರಿಸಿ. ಪಾಸ್ತಾ 8 ನಿಮಿಷಕ್ಕೇ ಬಸಿಯಿರಿ. ಒಂದನ್ನು ಅಡ್ಡ ಕತ್ತರಿಸಿ ನೋಡಿದರೆ ನಡುವೆ ದಾರದಷ್ಟು ಬಿಳಿ ಗೆರೆ ಕಾಣಬೇಕು. ಬಸಿದ ನೀರು ಒಂದು ಲೋಟ ಎತ್ತಿಡಿ, ಸಾಸ್ ಬಿಗಿ ಅನ್ನಿಸಿದರೆ ಬೇಕಾಗುತ್ತದೆ.

ಟ್ರೇಗೆ ಸುರಿಯುವಾಗ ‘ಅಯ್ಯೋ, ನೀರಾಯಿತಲ್ಲ’ ಅನ್ನಿಸಿದರೆ ಅಳತೆ ಸರಿಯಾಗಿದೆ ಎಂದೇ ಅರ್ಥ. ಸೌಟಿನಿಂದ ಗೆರೆ ಎಳೆದರೆ ಸಾಸ್ ಕೂಡಲೇ ಬಂದು ಮುಚ್ಚಿಕೊಳ್ಳಬೇಕು.

35 ನಿಮಿಷ ತೀರಾ ಹೆಚ್ಚು. ಒಳಗಿರುವುದೆಲ್ಲ ಆಗಲೇ ಬೆಂದಿದೆ, ಮೇಲೆ ಬಣ್ಣ ಬಂದು ಅಂಚಿನಲ್ಲಿ ಗುಳ್ಳೆ ಎದ್ದರೆ ಮುಗಿಯಿತು. ಬಿಸಿ ಮಾಡಿಟ್ಟ ಓವನ್‌ನಲ್ಲಿ 20 ನಿಮಿಷ ಸಾಕು. ತೆಗೆದು 10 ನಿಮಿಷ ಬಿಟ್ಟು ಬಡಿಸಿ, ಅಷ್ಟರಲ್ಲಿ ಸಾಸ್ ಹದಕ್ಕೆ ಬರುತ್ತದೆ.

ಉತ್ತರ 2

ಮೇಲಿನವರು ಹೇಳಿದ್ದು ಸರಿ, ಆದರೆ ರವೆಯಂತಾಗುವುದಕ್ಕೆ ಕಾರಣ ಚೀಸ್ ಹಾಕಿದ ಹೊತ್ತು. ಕುದಿಯುವ ಬಿಸಿಗೆ ಚೀಸ್‌ನ ಪ್ರೋಟೀನ್ ಮುದುಡಿ ಗಂಟಾಗುತ್ತದೆ, ಹಿಡಿದಿಟ್ಟ ಕೊಬ್ಬನ್ನು ಬಿಟ್ಟುಬಿಡುತ್ತದೆ. ತರಿಯೂ ಜಿಡ್ಡೂ ಒಟ್ಟಿಗೆ ಬರುವುದು ಅದಕ್ಕೇ.

ಬೆಣ್ಣೆಯಲ್ಲಿ ಮೈದಾದ ಹಸಿ ವಾಸನೆ ಹೋಗುವವರೆಗೆ ಸಣ್ಣ ಉರಿಯಲ್ಲಿ 2 ನಿಮಿಷ ಹುರಿಯಿರಿ, ಕೆಂಪಾಗಬಾರದು. ಹಾಲನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಕಲಸಿ, ಕುದಿ ಬಂದಮೇಲೆ 5 ನಿಮಿಷ ಕೈಯಾಡಿಸಿ. ಆಮೇಲೆ ಒಲೆ ಆರಿಸಿ, 2 ನಿಮಿಷ ಬಿಟ್ಟು, ಸಣ್ಣಗೆ ತುರಿದ ಚೀಸ್ ಮೂರು ಸಲಕ್ಕೆ ಹಾಕಿ. ಒಂದು ಹಿಡಿ ಪೂರ್ತಿ ಕರಗಿದ ಮೇಲೆಯೇ ಮುಂದಿನದು. ಮತ್ತೆ ಒಲೆಗೆ ಇಡಲೇಬೇಡಿ.

ಹಳೆಯ ಚೆಡ್ಡಾರ್‌ಗೆ ರುಚಿ ಇದೆ, ಆದರೆ ಬೇಗ ಒಡೆಯುತ್ತದೆ. ಅರ್ಧ ಅದು, ಅರ್ಧ ಎಳೆಯ ಚೆಡ್ಡಾರ್ ಅಥವಾ ಗ್ರೂಯೆರ್ (ಸ್ವಿಸ್ ಚೀಸ್) ಇರಲಿ. ಎರಡು ಪ್ರೊಸೆಸ್ಡ್ ಚೀಸ್ ಸ್ಲೈಸ್ ಸೇರಿಸಿದರೂ ತಪ್ಪಿಲ್ಲ. ಕೊಬ್ಬು, ನೀರು ಬೇರೆಯಾಗದಂತೆ ಹಿಡಿದಿಡುವ ಲವಣ ಅದರಲ್ಲಿರುತ್ತದೆ. ತುರಿದೇ ಬರುವ ಪ್ಯಾಕೆಟ್ ಚೀಸ್ ಬೇಡ, ಅಂಟದಿರಲೆಂದು ಹಾಕಿದ ಪಿಷ್ಟದ ಪುಡಿ ಸಾಸ್‌ನ ನುಣುಪು ಕೆಡಿಸುತ್ತದೆ. ಮೊಝರೆಲ್ಲಾ ಮೇಲೆ ಉದುರಿಸಲು ಮಾತ್ರ, ಸಾಸ್ ಒಳಗೆ ಅದು ನೂಲುನೂಲಾಗಿ ಸುತ್ತಿಕೊಳ್ಳುತ್ತದೆ.

ಉತ್ತರ 3

ಹ್ಯಾಮ್ ಬಗ್ಗೆ ಯಾರೂ ಹೇಳಲಿಲ್ಲ. ಪ್ಯಾಕೆಟ್‌ನಿಂದ ನೇರ ಹಾಕಿದರೆ ಅದರ ಉಪ್ಪುನೀರು ಓವನ್‌ನಲ್ಲಿ ಸಾಸ್‌ಗೆ ಇಳಿಯುತ್ತದೆ. 1 ಸೆಂ.ಮೀ. ತುಂಡು ಮಾಡಿ, ಎಣ್ಣೆಯಿಲ್ಲದೆ ಬಾಣಲೆಯಲ್ಲಿ 4-5 ನಿಮಿಷ ಹುರಿಯಿರಿ. ಮೊದಲು ನೀರು ಬಿಟ್ಟು ಚುರುಗುಟ್ಟುತ್ತದೆ, ಸದ್ದು ಅಡಗಿ ಅಂಚು ಕೆಂಪಾದಾಗ ತೆಗೆಯಿರಿ. ಬಾಣಲೆ ತೊಳೆಯಬೇಡಿ! ಸಾಸ್‌ನ ಬೆಣ್ಣೆಯನ್ನು ಅದರಲ್ಲೇ ಕರಗಿಸಿ. ತಳಕ್ಕೆ ಹಿಡಿದ ಕಂದು ಪದರ ಬಿಟ್ಟುಕೊಂಡು ಹೊಗೆಯ ಪರಿಮಳ ಇಡೀ ಸಾಸ್‌ಗೆ ಬರುತ್ತದೆ.

ಸಾಸ್‌ಗೆ ಉಪ್ಪು ಬೇಡವೇ ಬೇಡ. ಪಾಸ್ತಾ ಬೇಯಿಸುವ ನೀರಿಗೂ ಲೀಟರಿಗೆ 5 ಗ್ರಾಂ ಸಾಕು. ಚೀಸ್ 200 ಗ್ರಾಂಗೆ ಇಳಿಸಿ, 150 ಒಳಗೆ, 50 ಮೇಲೆ. ಒಂದು ಚಮಚ ಸಾಸಿವೆ ಪೇಸ್ಟ್, ಚಿಟಿಕೆ ಜಾಯಿಕಾಯಿ ಹಾಕಿದರೆ ಚೀಸ್ ಕಡಿಮೆಯಾಯಿತು ಅನ್ನಿಸುವುದೇ ಇಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದ. ಹಿಂದಿನ ರಾತ್ರಿಯೇ ಜೋಡಿಸಿ ಫ್ರಿಜ್‌ನಲ್ಲಿ ಇಡಬಹುದೇ?

ಉತ್ತರ 1

ಇಡಬಹುದು. ಹಾಲು ಇನ್ನೂ 100 ಮಿ.ಲೀ. ಹೆಚ್ಚಿಸಿ, ರಾತ್ರಿಯಿಡೀ ಪಾಸ್ತಾ ಹೀರುತ್ತದೆ. ಫಾಯಿಲ್ ಮುಚ್ಚಿ 180 ಡಿಗ್ರಿಯಲ್ಲಿ 25 ನಿಮಿಷ, ಫಾಯಿಲ್ ತೆಗೆದು 200ರಲ್ಲಿ 10-15 ನಿಮಿಷ. ಮೇಲಿನ ಚೀಸ್, ಬ್ರೆಡ್ ಪುಡಿ ಹಾಕುವುದಾದರೆ ಅದನ್ನೂ, ಫಾಯಿಲ್ ತೆಗೆದ ಮೇಲೆಯೇ ಉದುರಿಸಿ, ಇಲ್ಲವಾದರೆ ಮೆತ್ತಗಾಗುತ್ತದೆ.