ಮಕ್ಕಳ ರಕ್ಷಣೆ ಕೆಲಸಕ್ಕೆ ಯಾವ ಸರ್ಟಿಫಿಕೇಟ್ ಬೇಕು, ಮೇಡಂ?

(ಉತ್ತರಿಸುವವರು: ಚಿಕ್ಕಬಳ್ಳಾಪುರ ಮತ್ತು ಕೋಲಾರ ಕಡೆ ಮಕ್ಕಳ ರಕ್ಷಣೆ ಕೆಲಸದಲ್ಲಿರುವ ಸಮಾಜ ಕಾರ್ಯಕರ್ತೆ)

ಪ್ರಶ್ನೆ, ಶಿಡ್ಲಘಟ್ಟದಿಂದ: ನಮಸ್ತೆ ಮೇಡಂ. ಈ ವರ್ಷ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಯಿತು. ಮಕ್ಕಳ ರಕ್ಷಣಾ ಘಟಕದಲ್ಲಿ ಕೆಲಸ ಮಾಡಬೇಕು ಅಂತ ಆಸೆ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಜಾಹೀರಾತು ಬಂದಿದೆ. ಎರಡು ದಿನದ ಆನ್‌ಲೈನ್ ಕೋರ್ಸ್, ಫೀಸು ಆರು ಸಾವಿರ. ಈ ಸರ್ಟಿಫಿಕೇಟ್ ಇಲ್ಲದಿದ್ದರೆ ಸರ್ಕಾರಿ ಹುದ್ದೆ ಸಿಗಲ್ಲ ಅಂತಾರೆ. ದುಡ್ಡು ಕಟ್ಟಲಾ? ಹೊರದೇಶದಲ್ಲಿ ಲೈಸೆನ್ಸ್ ಬೇಕಂತೆ, ನಮ್ಮಲ್ಲೂ ಇದೆಯಾ?

ಉತ್ತರ: ದಯವಿಟ್ಟು ಕಟ್ಟಬೇಡಿ. ಇಂಗ್ಲೆಂಡಿನಲ್ಲಿ ರಿಜಿಸ್ಟರ್ ಆಗದೆ 'ಸೋಶಿಯಲ್ ವರ್ಕರ್' ಅಂತ ಕರೆದುಕೊಳ್ಳುವ ಹಾಗಿಲ್ಲ, ನಿಜ. ನಮ್ಮ ದೇಶದಲ್ಲಿ ಮಕ್ಕಳ ರಕ್ಷಣೆ ಕೆಲಸಕ್ಕೆ ಅಂಥ ಲೈಸೆನ್ಸ್ ಇಲ್ಲ. ಇಲ್ಲದ್ದನ್ನು ಯಾರೂ ಎರಡು ದಿನದಲ್ಲಿ ಕೊಡಲು ಆಗಲ್ಲ.

ಜಿಲ್ಲಾ ಮಕ್ಕಳ ರಕ್ಷಣಾ ಘಟಕ ನಡೆಯುವುದು ಮಿಷನ್ ವಾತ್ಸಲ್ಯ ಅನ್ನುವ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಲ್ಲಿ. ರಕ್ಷಣಾಧಿಕಾರಿ, ಆಪ್ತ ಸಮಾಲೋಚಕರು, ಸಮಾಜ ಕಾರ್ಯಕರ್ತರು, ಔಟ್‌ರೀಚ್ ವರ್ಕರ್ ಹುದ್ದೆಗಳೆಲ್ಲ ಅದರಲ್ಲೇ ಬರುತ್ತವೆ. ಹೆಚ್ಚಿನವು ಗುತ್ತಿಗೆ ಕೆಲಸ, ಅದು ಮೊದಲೇ ತಿಳಿದಿರಲಿ. ಕೇಳುವುದು ನಿಮ್ಮ ಪದವಿ, ಅನುಭವ, ಕಂಪ್ಯೂಟರ್ ಜ್ಞಾನ. ಎಂಎಸ್‌ಡಬ್ಲ್ಯೂ ಇದೆಯಲ್ಲ, ಅದು ದೊಡ್ಡದೇ.

ಆದರೂ ತರಬೇತಿ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕೇ ಬೇಕು. ಬೆಂಗಳೂರಲ್ಲಿ ಸಾವಿತ್ರಿಬಾಯಿ ಫುಲೆ ರಾಷ್ಟ್ರೀಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಂಸ್ಥೆಯ (2025ರವರೆಗೆ ಇದರ ಹೆಸರು ನಿಪ್ಸಿಡ್) ಪ್ರಾದೇಶಿಕ ಕೇಂದ್ರ ಇದೆ, ಈ ಕ್ಷೇತ್ರದವರಿಗೆ ತರಬೇತಿ ಕೊಡುವುದೇ ಅದರ ಕೆಲಸ. ನಿಮ್ಹಾನ್ಸ್‌ನಲ್ಲಿ 'ಸಂವಾದ್' ಇದೆ, ಮಕ್ಕಳ ರಕ್ಷಣೆ ಮತ್ತು ಮಾನಸಿಕ ಆರೋಗ್ಯದ ಕೆಲಸಕ್ಕೆ ತರಬೇತಿ ಕೊಡುವ ವಿಭಾಗ. ಕಷ್ಟದಲ್ಲಿರುವ ಮಗುವಿನ ಜೊತೆ ಮಾತು ಹೇಗೆ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಅಲ್ಲಿಯವರಿಂದ ಕಲಿಯಬೇಕು. ಕಾನೂನು ಗಟ್ಟಿ ಮಾಡಿಕೊಳ್ಳಬೇಕು ಅಂದರೆ ನ್ಯಾಷನಲ್ ಲಾ ಸ್ಕೂಲಿನ ಮಕ್ಕಳ ಹಕ್ಕು ಕಾನೂನಿನ ಸ್ನಾತಕೋತ್ತರ ಡಿಪ್ಲೊಮಾ ಇದೆ, ಒಂದು ವರ್ಷದ್ದು. ದುಡ್ಡು ಹಾಕುವುದಾದರೆ ಇಂಥದ್ದಕ್ಕೆ ಹಾಕಿ.

ಇನ್ನೊಂದು ಅರ್ಹತೆ ಯಾವ ಕಾಗದದಲ್ಲೂ ಬರೆದಿರಲ್ಲ. ನಿಮಗೆ ತೆಲುಗು ಬರುತ್ತಾ? ಬಾಗೇಪಲ್ಲಿ, ಗುಡಿಬಂಡೆ ಕಡೆ ಎಷ್ಟೋ ಮನೆಗಳಲ್ಲಿ ಮಗು ಭಯವಾದಾಗ ಮಾತಾಡುವುದು ತೆಲುಗಲ್ಲೇ. ಅಕ್ಕಪಕ್ಕದವರನ್ನು ಕೂರಿಸಿಕೊಂಡು ಅರ್ಥ ಕೇಳುತ್ತಾ ಹೋದರೆ ಮಗು ಬಾಯಿ ಬಿಡಲ್ಲ.

ಪ್ರಶ್ನೆ, ಚಿಂತಾಮಣಿಯಿಂದ: ಅಕ್ಕ, ನಾನು ಪಿಯುಸಿ ಮಾತ್ರ ಓದಿದ್ದೀನಿ. ನನಗೆ ಈ ಕೆಲಸಕ್ಕೆ ದಾರಿ ಇಲ್ವಾ?

ಉತ್ತರ: ಇದೆಯಮ್ಮ. ಔಟ್‌ರೀಚ್ ವರ್ಕರ್ ಹುದ್ದೆಗೆ ಪಿಯುಸಿ ಸಾಕು. ಊರೂರು ತಿರುಗಿ ಮನೆಮನೆಯ ಬಾಗಿಲು ತಟ್ಟುವವರು ಅವರೇ. ಕೆಲಸ ಮಾಡುತ್ತಲೇ ಬಿಎ ಮುಗಿಸಿ, ಮುಂದಿನ ಹುದ್ದೆಗೆ ಬೇಕಾಗುತ್ತೆ.

ಪ್ರಶ್ನೆ, ಗೌರಿಬಿದನೂರಿನಿಂದ: ಮೇಡಂ, ಕಾಲೇಜಲ್ಲಿ ಥಿಯರಿ ಜಾಸ್ತಿ ಹೇಳಿಕೊಟ್ಟರು. ಸಾಮಾಜಿಕ ತನಿಖಾ ವರದಿ ಬರೆಯುವುದು ಮಾತ್ರ ಸರಿಯಾಗಿ ಬರಲ್ಲ. ಎಲ್ಲಿ ಕಲಿಯೋದು?

ಉತ್ತರ: ಸರಿಯಾದ ಜಾಗಕ್ಕೇ ಬಂದಿರಿ. ನನ್ನ ಪ್ರಕಾರ ಈ ಕೆಲಸದ ಪರೀಕ್ಷೆ ಅಂದರೆ ಆ ವರದಿಯೇ.

ರಕ್ಷಣೆ ಬೇಕಾದ ಮಗು ಸಿಕ್ಕರೆ ಅದನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸುತ್ತಾರೆ. ಸಮಿತಿ ತನಿಖೆಗೆ ಹೇಳುತ್ತೆ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಆ ತನಿಖೆ 15 ದಿನದಲ್ಲಿ ಮುಗಿಯಬೇಕು. ಮಗು ಮನೆಗೆ ಹೋಗಬೇಕಾ, ಬಾಲಮಂದಿರದಲ್ಲೇ ಇರಬೇಕಾ ಅಂತ ಸಮಿತಿ ತೀರ್ಮಾನ ಮಾಡುವಾಗ ಅವರ ಕೈಯಲ್ಲಿರುವುದು ನೀವು ಬರೆದ ಹಾಳೆ.

ಈಗ ಎಷ್ಟೋ ವರದಿಗಳಲ್ಲಿ ಒಂದು ಸಾಲು ಇರುತ್ತೆ: 'ಕುಟುಂಬದ ಪರಿಸ್ಥಿತಿ ಸರಿಯಿಲ್ಲ, ತಂದೆ ಕುಡಿಯುತ್ತಾರೆ.' ಇದನ್ನು ಓದಿ ಯಾರು ಏನು ತೀರ್ಮಾನ ಮಾಡಲು ಸಾಧ್ಯ? ಅಡುಗೆ ಮಾಡುವವರು ಯಾರು? ಮಗು ರಾತ್ರಿ ಎಲ್ಲಿ, ಯಾರ ಪಕ್ಕ ಮಲಗುತ್ತೆ? ತಂದೆ ಕುಡಿದು ಬಂದ ದಿನ ಮಗು ಎಲ್ಲಿಗೆ ಹೋಗುತ್ತೆ? 'ಪಕ್ಕದ ಬೀದಿಯ ಅಜ್ಜಿ ಮನೆಗೆ ಹೋಗುತ್ತೆ' ಅಂತ ಗೊತ್ತಾದರೆ ಆ ಅಜ್ಜಿಯನ್ನು ಹೋಗಿ ನೋಡಿ. ಮಗುವನ್ನು ಇಟ್ಟುಕೊಳ್ಳಲು ಆಕೆಗೆ ಮನಸ್ಸಿದೆಯಾ, ಕೈಯಲ್ಲಿ ಶಕ್ತಿ ಇದೆಯಾ ಕೇಳಿ. ಶಾಲೆಗೆ ಹೋಗಿ ಹಾಜರಿ ಪುಸ್ತಕ ನೋಡಿ. ಸೋಮವಾರಗಳಂದೇ ಗೈರು ಇದ್ದರೆ ಅದಕ್ಕೂ ಒಂದು ಕಾರಣ ಇರುತ್ತೆ. ಕಂಡದ್ದನ್ನು 'ಕಂಡೆ' ಅಂತಲೂ, ಕೇಳಿದ್ದನ್ನು 'ಇಂಥವರು ಹೇಳಿದರು' ಅಂತಲೂ ಬೇರೆ ಬೇರೆ ಬರೆಯಿರಿ.

ಬಡತನ ಒಂದೇ ಕಾರಣ ಆಗಿದ್ದರೆ ಮಗುವನ್ನು ಮನೆಯಿಂದ ಬಿಡಿಸುವ ಮಾತು ಬರೆಯಲೇಬೇಡಿ. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಅಂತ ಕಾಯ್ದೆಯೇ ಹೇಳುತ್ತೆ. ಪ್ರಾಯೋಜಕತ್ವ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತೆ. ಆ ಅಜ್ಜಿಗೆ ಅದು ಗೊತ್ತಿರಲ್ಲ. ನಿಮಗೆ ಗೊತ್ತಿರಬೇಕು.

ಇನ್ನು ಎಲ್ಲಿ ಕಲಿಯೋದು ಅಂದಿರಿ. ನಿಮ್ಮ ವರದಿಯನ್ನು ಸಾಲುಸಾಲು ಓದಿ 'ಇದು ನಿಮಗೆ ಹೇಗೆ ಗೊತ್ತಾಯಿತು?' ಅಂತ ಕೇಳುವ ಹಿರಿಯರ ಕೈಕೆಳಗೆ ಕಲಿಯಿರಿ. ಕೆಲಸಕ್ಕೆ ಸೇರುವಾಗ ಸಂಬಳದ ಜೊತೆ ಇದನ್ನೂ ವಿಚಾರಿಸಿ: ವರದಿ ತಿದ್ದುವವರು ಯಾರಿದ್ದಾರೆ? ಯಾರೂ ಇಲ್ಲ ಅಂದರೆ ಇನ್ನೊಂದು ಕಡೆ ನೋಡುವುದು ಒಳ್ಳೆಯದು.

ಪ್ರಶ್ನೆ, ಮುಳಬಾಗಿಲಿನಿಂದ: ನಾನಿನ್ನೂ ವಿದ್ಯಾರ್ಥಿ. ಫೀಲ್ಡ್‌ವರ್ಕ್‌ನಲ್ಲಿ ಒಂದು ಮಗು ತನಗಾದ ಲೈಂಗಿಕ ದೌರ್ಜನ್ಯ ಹೇಳಿಕೊಂಡು, ಯಾರಿಗೂ ಹೇಳಬೇಡಿ ಅಂದರೆ?

ಉತ್ತರ: 'ಹೇಳಲ್ಲ' ಅಂತ ಮಾತು ಕೊಡಬೇಡಿ. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ವಿದ್ಯಾರ್ಥಿ ಅಂತ ವಿನಾಯಿತಿ ಇಲ್ಲ. ಸುಮ್ಮನಿದ್ದರೆ ಶಿಕ್ಷೆಯೂ ಇದೆ. ಮಗುವಿಗೆ ಹೀಗೆ ಹೇಳಿ: 'ನೀನು ಹೇಳಿದ್ದು ಒಳ್ಳೆಯದಾಯಿತು. ನಿನಗೆ ಸಹಾಯ ಮಾಡಬೇಕಾದವರಿಗೆ ಮಾತ್ರ ಹೇಳ್ತೀನಿ.' ಮತ್ತೆ ಮತ್ತೆ ಕೆದಕಿ ಕೇಳಬೇಡಿ. ಅವತ್ತೇ ನಿಮ್ಮ ಮೇಲ್ವಿಚಾರಕರಿಗೆ ತಿಳಿಸಿ, ದೂರು ಹೋಯಿತಾ ಅಂತ ಖಚಿತ ಮಾಡಿಕೊಳ್ಳಿ. ದಾರಿ ಕಾಣದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಪ್ರಶ್ನೆ, ಶಿಡ್ಲಘಟ್ಟದಿಂದ: ದುಡ್ಡು ಕಟ್ಟಲ್ಲ ಮೇಡಂ. ಇಂಟರ್‌ವ್ಯೂಗೆ ನನ್ನ ಫೀಲ್ಡ್‌ವರ್ಕ್ ವರದಿಗಳನ್ನೇ ತಗೊಂಡು ಹೋಗಬಹುದಾ?

ಉತ್ತರ: ಬೇಡ. ಮಗುವಿನ ಗುರುತು ಹೊರಗೆ ಬಿಡಬಾರದು ಅಂತ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇದೆ. ಹೆಸರು ಅಳಿಸಿದರೂ ಊರು, ಶಾಲೆ, ಅಪ್ಪನ ಕೆಲಸ ನೋಡಿ ಗುರುತು ಹಿಡಿಯುವವರು ಇರುತ್ತಾರೆ, ಸಣ್ಣ ಊರಲ್ವಾ. ಒಂದು ಕಲ್ಪಿತ ಕುಟುಂಬ ಇಟ್ಟುಕೊಂಡು ನಮೂನೆ 22ರಲ್ಲಿ (ಸಾಮಾಜಿಕ ತನಿಖಾ ವರದಿಗೆ ನಿಗದಿಯಾದ ನಮೂನೆ) ಪೂರ್ತಿ ವರದಿ ಬರೆಯಿರಿ, ಮೇಲೆ 'ಕಲ್ಪಿತ' ಅಂತ ಹಾಕಿ. ಬರೆದು ನನಗೆ ಕಳಿಸಿ, ತಿದ್ದಿ ಕೊಡ್ತೀನಿ.