ಸಹಾಯಾರ್ಥ ಕಾರ್ಯಕ್ರಮದಲ್ಲಿ ಹಳೇ ಹಾಡೋ, ಹಾಡುವವರ ಹೊಸ ಹಾಡೋ?

ಬಸವನಗುಡಿ_ಕೇಳುಗ:
ಡೊಳ್ಳು ಬಾರಿಸುತ್ತಿದ್ದ ಹಿರಿಯರೊಬ್ಬರ ಆಪರೇಶನ್ ಖರ್ಚಿಗೆ ಅಂತ ಮುಂದಿನ ತಿಂಗಳು ನಮ್ಮ ಗುಂಪು ಒಂದು ಕಾರ್ಯಕ್ರಮ ಇಟ್ಟುಕೊಂಡಿದೆ. ಹಾಡಲು ಒಪ್ಪಿರುವವರು ಮೊದಲು ಗಿಟಾರ್ ಹಿಡಿದು ಷರೀಫರ ತತ್ವಪದ, ಬೇಂದ್ರೆ ಕವಿತೆ ಎಲ್ಲ ದನಿ ಬಿಟ್ಟು ಹಾಡುತ್ತಿದ್ದರು. ಈಗ ಲೂಪ್ ಪೆಡಲ್ (ನುಡಿಸಿದ ತುಣುಕನ್ನೇ ಮತ್ತೆ ಮತ್ತೆ ಕೇಳಿಸೋ, ಕಾಲಲ್ಲಿ ಒತ್ತೋ ಯಂತ್ರ) ಮುಂದಿಟ್ಟುಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್ಕು, ಪೀಜಿ ರೂಮು ಅಂತ ತಾವೇ ಬರೆದದ್ದನ್ನು ಮಾತಾಡಿದ ಹಾಗೆ ಹಾಡುತ್ತಾರೆ. ನನಗೇನೋ ಇಷ್ಟ. ಆದರೆ ಟಿಕೆಟ್ ತಗೊಂಡವರು ಸುಮ್ನೆ ಕೂರುತ್ತಾರಾ? ಹಳೇದೇ ಹಾಡಿ ಅಂತ ನಾವು ಕೇಳಬಹುದಾ?

ಗಾಂಧಿಬಜಾರ್_ಗೆಳೆಯ:
ಧಾರಾಳವಾಗಿ ಕೇಳಿ. ಇದು ಅವರ ಆಲ್ಬಂ ಬಿಡುಗಡೆ ಅಲ್ಲ. ದುಡ್ಡು ಕೂಡಬೇಕು, ಜನಕ್ಕೆ ಗೊತ್ತಿರೋ ಹಾಡು ಬೇಕು. ಹೊಸದರಲ್ಲಿ ಪಲ್ಲವಿಯೇ ಸಿಗಲ್ಲ, ಜೊತೆಗೆ ಹಾಡೋದು ಹೇಗೆ?

ತಂಬೂರಿ:
ನಾನು ಒಪ್ಪಲ್ಲ ಗುರು. ಸುಗಮ ಸಂಗೀತದ ಕಾಳಿಂಗರಾಯರು, ಅನಂತಸ್ವಾಮಿ, ಅಶ್ವತ್ಥ್ ಹಾಡಿದ್ದು ಹೆಚ್ಚಾಗಿ ಕವಿಗಳ ಪದ. ಹಾಗಾಗಿ ಹಾಡುವವರೇ ಬರೆದರೆ ನಮಗೆ ಯಾಕೋ ಅನುಮಾನ. ಆದರೆ ಷರೀಫರು ಮಾಡಿದ್ದೇನು? ಸೋರುವ ಮಾಳಿಗೆ, ಗುಡುಗುಡಿ, ಆಗ ಹೊಸದಾಗಿ ಬಂದಿದ್ದ ಗಿರಣಿ, ಹೀಗೆ ಕಣ್ಣೆದುರು ಇದ್ದದ್ದನ್ನೇ ಹಿಡಿದು ಪದ ಕಟ್ಟಿದರು, ಅಂದಮೇಲೆ ಸಿಲ್ಕ್ ಬೋರ್ಡ್ ಹಾಡು ಅದೇ ದಾರಿಯದ್ದು. ಆ ಮಾತಿನ ಧಾಟಿಯೂ ತತ್ವಪದದವರಲ್ಲಿ ಮೊದಲಿಂದ ಇದೆ. ಲೂಪ್ ಮಾತ್ರ ಸ್ವಲ್ಪ ಜಾಸ್ತಿ ಆಯ್ತು, ಅದು ನಿಜ. ಒಂದೇ ಗಿಟಾರ್ ಇಟ್ಟುಕೊಂಡು ಹಾಡಿ ಅಂತ ಬೇಕಾದರೆ ಕೇಳಿ.

ಲೆಕ್ಕದವನು:
ಹಳೇ ಹಾಡು ಅನ್ನುವ ಮೊದಲು ಹಕ್ಕು (ಕಾಪಿರೈಟ್) ನೋಡಿಕೊಳ್ಳಿ. ಷರೀಫರು ತೀರಿಕೊಂಡದ್ದು 1889ರಲ್ಲಿ, ಪದಕ್ಕೆ ತೊಂದರೆ ಇಲ್ಲ. ಬೇಂದ್ರೆಯವರು 1981. ಕವಿ ಹೋದ ಮೇಲೆ 60 ವರ್ಷ ಹಕ್ಕು ಇರುತ್ತೆ, ಅಂದರೆ 2041ರ ಕೊನೆವರೆಗೆ. ರಾಗ ಹಾಕಿದವರ ಹಕ್ಕು ಬೇರೆ, ಅಶ್ವತ್ಥ್ ಅವರ ಧಾಟಿಯಲ್ಲೇ ಹಾಡಿದರೆ ಅದಕ್ಕೂ ಕೇಳಬೇಕು. ಹಾಡುವವರು ತಾವೇ ಬರೆದ ಹಾಡಾದರೆ ಅವರೊಬ್ಬರ ಒಪ್ಪಿಗೆ ಸಾಕು. ಬಯಲಲ್ಲಿ ಇಟ್ಟರೆ ರಾತ್ರಿ 10ಕ್ಕೆ ಮೈಕ್ ಬಂದ್. ದುಡ್ಡು ಯಾರ ಕೈಗೂ ಬೇಡ, ನೇರ ಆಸ್ಪತ್ರೆಗೇ ಕಟ್ಟಿ.

ಬಸವನಗುಡಿ_ಕೇಳುಗ:
ಹಕ್ಕಿನ ವಿಷಯ ತಲೆಗೇ ಬಂದಿರಲಿಲ್ಲ ಸರ್. ಹಾಗಾದರೆ ಷರೀಫರದ್ದು ಎರಡು, ಅದೂ ಹಾಡುವವರದ್ದೇ ಧಾಟಿಯಲ್ಲಿ, ಉಳಿದದ್ದು ಅವರ ಇಷ್ಟ. ಬೇಂದ್ರೆ ಸದ್ಯಕ್ಕೆ ಬೇಡ. ಬಸವನಗುಡಿ ಕಡೆ ಕಡಿಮೆ ಬಾಡಿಗೆಯ ಹಾಲ್ ಯಾವುದಾದರೂ ಗೊತ್ತಾ?